ಚಿಟ್ಟಿಯ ತಾಟು

2023ರಲ್ಲಿ ನಾನು ಹೈದರಾಬಾದಿನ ತಾರ್ನಾಕದ ಒಂದು ಖಾಸಗಿ ಪ್ರಾಣಿ ಚಿಕಿತ್ಸಾಲಯದಲ್ಲಿ ವೈದ್ಯೆಯಾಗಿದ್ದೆ. ಬೀದರಿನಲ್ಲಿ ಪಶುವೈದ್ಯ ಪದವಿ ಮುಗಿಸಿದಾಗ ನನ್ನ ತಲೆಯಲ್ಲಿದ್ದದ್ದು ಎಮ್ಮೆ, ಎತ್ತು, ಕುರಿಗಳು. ಕೆಲಸ ಸಿಕ್ಕ ಊರಿನಲ್ಲಿ ಎದುರಾದದ್ದು ಫ್ಲ್ಯಾಟಿನ ನಾಯಿ, ಬೆಕ್ಕುಗಳು. ನಮ್ಮಲ್ಲಿ ಎರಡು ತಪಾಸಣೆಯ ಕೋಣೆ, ಒಂದು ಆಪರೇಷನ್ ಟೇಬಲ್, ಒಳರೋಗಿಗಳಿಗೆಂದು ಉದ್ದನೆಯ ಒಂದು ಹಾಲ್‌ನಲ್ಲಿ ಸಾಲಾಗಿ ಪಂಜರಗಳಿದ್ದವು. ಆ ಹಾಲ್ ಒಂದೇ ಇತ್ತೆಂಬುದು ಮುಂದಿನ ಎಲ್ಲದಕ್ಕೂ ಕಾರಣವಾಯಿತು.

ಆ ವರ್ಷದ ಒಂದು ಸಂಜೆ ಈಗಲೂ ಕಣ್ಣು ಮುಚ್ಚಿದರೆ ಎದುರಿಗೆ ಬಂದು ನಿಲ್ಲುತ್ತದೆ. ನೆಲದ ಮೇಲೆ ಸ್ಟೀಲಿನ ಒಂದು ತಾಟು, ಅದರಲ್ಲಿ ಹಾಲು, ಅದರ ಅಂಚಿನಲ್ಲಿ ಎರಡು ಬೆಕ್ಕುಗಳ ಮೂತಿ. ನಾನು ಬಾಗಿಲಲ್ಲಿದ್ದೇನೆ. ಓಡಿಹೋಗಿ ತಾಟನ್ನು ಎಳೆದದ್ದು ನೆನಪಿದೆ. ನಾನು ತಲುಪುವ ಮೊದಲಿನ ಕ್ಷಣದಲ್ಲಿ ಏನಾಯಿತೆಂಬುದು ಮಾತ್ರ ಎಷ್ಟು ಸಲ ನೆನೆದರೂ ಕಾಣುವುದಿಲ್ಲ.

ಜುಲೈ ಕೊನೆಯಲ್ಲಿ ವಿಶ್ವವಿದ್ಯಾಲಯದ ಹಾಸ್ಟೆಲಿನ ಇಬ್ಬರು ಹುಡುಗಿಯರು ಬೂದುಬಣ್ಣದ ಒಂದು ಹೆಣ್ಣುಮರಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಬಂದರು. ಎರಡೂವರೆ ತಿಂಗಳಿನದಿರಬಹುದು. ಎಡಗಣ್ಣು ಸೋಂಕಿನಿಂದ ಒಡೆದು ಹೋಗಿತ್ತು. ಒಸಡು ಸುಣ್ಣದಂತೆ ಬಿಳಚಿಕೊಂಡಿತ್ತು. ಕಣ್ಣನ್ನು ಉಳಿಸುವಂತಿರಲಿಲ್ಲ, ತೆಗೆದು ಹೊಲಿಗೆ ಹಾಕಿದೆವು. ನಮ್ಮ ಕಾಂಪೌಂಡರ್ ಯಾದಗಿರಿ ಅದಕ್ಕೆ ಚಿಟ್ಟಿ ಎಂದು ಹೆಸರಿಟ್ಟ. ತೆಲುಗಿನಲ್ಲಿ ಚಿಕ್ಕವಳು ಎಂದರ್ಥ.

ಒಸಡಿನ ಬಣ್ಣ ನೋಡಿ ನನಗೆ ಸಂಶಯ ಬಂದು ರಕ್ತಪರೀಕ್ಷೆ ಮಾಡಿದೆ. ಬೆರಳಗಲದ ಒಂದು ಕಿಟ್ ಮೇಲೆ ಒಂದು ಹನಿ ರಕ್ತ ಹಾಕಿದರೆ ಹತ್ತು ನಿಮಿಷದಲ್ಲಿ ಗೆರೆ ಮೂಡುತ್ತದೆ. ಒಂದು ಗೆರೆಯಾದರೆ ಸೋಂಕಿಲ್ಲ, ಎರಡಾದರೆ ಇದೆ. ಎರಡು ಮೂಡಿದವು. ಕೆಲವು ವಾರ ಬಿಟ್ಟು ಮತ್ತೆ ಮಾಡಿದಾಗಲೂ ಎರಡೇ. ಫೀಲೈನ್ ಲ್ಯುಕೇಮಿಯಾ ವೈರಸ್ ಎಂಬ ಈ ರೋಗಾಣು ಬೆಕ್ಕಿನ ಎಲುಬಿನ ಮಜ್ಜೆಯೊಳಗೆ ಕೂತು ರಕ್ತ ಹುಟ್ಟುವುದನ್ನೇ ಕೆಡಿಸುತ್ತದೆ. ವಾಸಿ ಮಾಡುವ ಔಷಧವಿಲ್ಲ. ಚೆನ್ನಾಗಿ ನೋಡಿಕೊಂಡರೆ ಕೆಲವು ವರ್ಷ ನೆಮ್ಮದಿಯಾಗಿ ಬದುಕುವ ಬೆಕ್ಕುಗಳುಂಟು, ಅಷ್ಟೇ. ಮನುಷ್ಯರಿಗೆ ಇದು ಅಂಟುವುದಿಲ್ಲ. ಬೆಕ್ಕಿನಿಂದ ಬೆಕ್ಕಿಗೆ ಮುಖ್ಯವಾಗಿ ಎಂಜಲಿನಿಂದ ಹರಡುತ್ತದೆ: ಒಂದನ್ನೊಂದು ನೆಕ್ಕುವುದು, ಒಂದೇ ತಾಟಿನಲ್ಲಿ ತಿನ್ನುವುದು. ಇದರ ಲಸಿಕೆ ಆಗ ನಮಗೆ ಸಿಗುತ್ತಿರಲಿಲ್ಲ.

ಚಿಕಿತ್ಸಾಲಯದ ಮಾಲೀಕರಾದ ಹಿರಿಯ ವೈದ್ಯರು ಮೃದು ಮನುಷ್ಯ, ಆದರೆ ಲೆಕ್ಕಾಚಾರದವರು. ಹಾಲ್‌ನಲ್ಲಿ ಬೇರೆಯವರ ಬೆಕ್ಕುಗಳಿದ್ದವು. ಚಿಟ್ಟಿಯನ್ನು ತುದಿಯ ಪಂಜರಕ್ಕೆ ಹಾಕಿಸಿ, ಅದರ ತಾಟಿಗೆ ಕೆಂಪು ಬಣ್ಣ ಬಳಿಸಿದರು. "ಬೆಕ್ಕಿಲ್ಲದ ಮನೆ ಸಿಕ್ಕರೆ ಕೊಡೋಣ. ಸಿಗದಿದ್ದರೆ ದಯಾಮರಣವೇ ಸರಿ. ಇಲ್ಲಿ ಬಹಳ ದಿನ ಇಟ್ಟುಕೊಳ್ಳಲು ಆಗುವುದಿಲ್ಲ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಫೋಟೊ ನೋಡಿ ಫೋನ್ ಮಾಡಿದವರು ಕಮ್ಮಿಯಿರಲಿಲ್ಲ. ಒಂದೇ ಕಣ್ಣಿನ ಮರಿಯೆಂದರೆ ಜನರಿಗೆ ಕರುಣೆ ಉಕ್ಕುತ್ತದೆ. ವೈರಸ್ ಎಂಬ ಮಾತು ಬಂದೊಡನೆ ಆ ಕಡೆಯ ದನಿ ಬದಲಾಗುತ್ತಿತ್ತು. ಕೂಕಟ್‌ಪಲ್ಲಿಯಿಂದ ಮಾತಾಡಿದ ಮೈಸೂರಿನ ಒಬ್ಬ ಹುಡುಗ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಮೇಡಂ, ಕಣ್ಣಿಲ್ಲದ್ದು ಪರವಾಗಿಲ್ಲ. ಕಾಯಿಲೆ ಇಲ್ಲದ್ದು ಇನ್ನೊಂದು ಇದ್ಯಾ?" ಎಂದು ಕೇಳಿದ. ಯಾದಗಿರಿ ದಿನಾ ಪಂಜರ ತೊಳೆಯುವಾಗ ನನ್ನ ಮುಖ ನೋಡಿ, "ಮೇಡಂ, ಬತುಕುತುಂದಾ?" ಎನ್ನುತ್ತಿದ್ದ. ಬದುಕುತ್ತದಾ ಎಂದು. ಯಾವುದರಿಂದ ಪಾರಾಗುವುದನ್ನು ಕೇಳುತ್ತಿದ್ದಾನೆ, ರೋಗದಿಂದಲೋ ನಮ್ಮಿಂದಲೋ ಎಂದು ನಾನು ಕೇಳಲಿಲ್ಲ.

ಆಗಸ್ಟ್ ಕೊನೆಯಲ್ಲಿ ಸುಲೋಚನಾಬಾಯಿಯವರು ತಮ್ಮ ಬೆಕ್ಕಿಗೆ ವರ್ಷದ ಲಸಿಕೆ ಹಾಕಿಸಲು ಬಂದರು. ಕಾಚಿಗೂಡದ ಹಳೆಯ ಮನೆಯೊಂದರಲ್ಲಿದ್ದ ಅವರು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವಂತೆ ನಾನು ಅವರನ್ನು ಅಕ್ಕೋರೆ ಎನ್ನುತ್ತಿದ್ದೆ. ಅವರ ಪತಿ ಮಾಧವರಾಯರು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತಿದ್ದವು. ಮಾತೂ ಹೋಗಿತ್ತು. ತೊದಲದೆ ಅವರ ಬಾಯಿಂದ ಬರುತ್ತಿದ್ದ ಒಂದೇ ಹೆಸರು ಆ ಬೆಕ್ಕಿನದು. ಬಡೇಮಿಯಾ. ಒಂಬತ್ತು ವರ್ಷದ ಆ ಗಡವ ಬೆಕ್ಕು ಹಗಲೆಲ್ಲ ಅವರ ಸೋತ ಕೈಯ ಮೇಲೆಯೇ ಮಲಗಿರುತ್ತಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರು ಊಟ ಬಿಟ್ಟಾಗ, ಬಡೇಮಿಯಾನನ್ನು ಪಕ್ಕದಲ್ಲಿ ಕೂರಿಸಿದ ಮೇಲೆಯೇ ಬಾಯಿ ತೆರೆದರಂತೆ.

"ಅಕ್ಕೋರೆ, ಇವನ ತೂಕ ಮತ್ತ ಹೆಚ್ಚಾಗೈತ್ರಿ" ಎಂದೆ.

"ದುಡೀಲಾರದ ಪೆನ್ಷನ್ ತಿನ್ನಾವ ನಮ್ಮನ್ಯಾಗ ಇವನೊಬ್ಬನೇ. ದಪ್ಪ ಆಗ್ದೆ ಏನಾಗ್ತಾನ್ರಿ" ಎಂದು ನಕ್ಕವರು, ಹೊರಡುವಾಗ ತುದಿಯ ಪಂಜರದ ಮುಂದೆ ನಿಂತುಬಿಟ್ಟರು.

"ಇದರ ತಾಟಿಗೆ ಕೆಂಪು ಬಣ್ಣ ಯಾಕ್ರಿ ಡಾಕ್ಟರಬಾಯಿ?"

"ಬ್ಯಾರೆ ಬೆಕ್ಕಿಗೆ ಹೋಗಬಾರದು ಅಂತ ಗುರ್ತುರಿ. ರೋಗ ಐತಿ."

"ಗುರ್ತು" ಎಂದು ಅಷ್ಟನ್ನೇ ಮತ್ತೆ ಹೇಳಿ, ಬಹಳ ಹೊತ್ತು ಆ ತಾಟನ್ನೇ ನೋಡಿದರು. "ಇದನ್ನ ನಾ ಒಯ್ತೀನಿ."

"ನಿಮ್ಮ ಮನ್ಯಾಗ ಬಡೇಮಿಯಾ ಇದ್ದಾನಲ್ರಿ."

"ಅವ ಬ್ಯಾಡ ಅಂದಾನೇನು? ಕೇಳೀರೇನು ಅವನ್ನ?"

ಅಂದು ಆಗುವುದಿಲ್ಲ ಎಂದು ಕಳಿಸಿದೆವು. ಎರಡು ದಿನ ಬಿಟ್ಟು ಮತ್ತೆ ಬಂದರು. ಅದರ ಮುಂದಿನ ವಾರವೂ ಬಂದರು. ಅಷ್ಟರಲ್ಲಿ ಹಿರಿಯ ವೈದ್ಯರು ಚಿಟ್ಟಿಯ ದಯಾಮರಣಕ್ಕೆ ಒಂದು ದಿನ ಗೊತ್ತು ಮಾಡಿದ್ದರು. ಸುಲೋಚನಾಬಾಯಿಯವರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಟ್ಯೂಷನ್ ಕೋಣೆ ಖಾಲಿಯಿತ್ತು, ಗಟ್ಟಿ ಬಾಗಿಲಿತ್ತು. ಕೊನೆಗೆ ಹಿರಿಯ ವೈದ್ಯರು ಒಪ್ಪಿದರು. ಎರಡು ಬೆಕ್ಕುಗಳು ಎಂದೂ ಒಂದೇ ಕೋಣೆಯಲ್ಲಿ ಇರಬಾರದು, ತಾಟು, ನೀರಿನ ಬಟ್ಟಲು, ಮಲದ ಟ್ರೇ ಎಲ್ಲವೂ ಬೇರೆ, ಮುಟ್ಟಿದ ಕೈ ಸೋಪಿನಿಂದ ತೊಳೆಯಬೇಕು ಎಂದು ಎರಡೆರಡು ಸಲ ಹೇಳಿದರು. ಸುಲೋಚನಾಬಾಯಿ ಮರಿಯನ್ನು ಒಯ್ದ ಮೇಲೆ ನನ್ನನ್ನು ಒಳಗೆ ಕರೆದು, "ಆ ದೊಡ್ಡ ಬೆಕ್ಕಿಗೆ ಅಂಟಿದರೆ ಬರೀ ಬೆಕ್ಕಿನ ಪ್ರಶ್ನೆಯಲ್ಲ. ಆ ಮನುಷ್ಯನ ಮೇಲೆ ಕಣ್ಣಿಡು" ಎಂದರು.

ಸೆಪ್ಟೆಂಬರ್ ಚೆನ್ನಾಗಿಯೇ ಕಳೆಯಿತು. ಚಿಟ್ಟಿಯ ತೂಕ ಏರಿತು, ಒಸಡಿಗೆ ಸ್ವಲ್ಪ ಬಣ್ಣ ಬಂತು. ಸುಲೋಚನಾಬಾಯಿ ವಾರಕ್ಕೊಮ್ಮೆ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದರು. "ಒಂದು ಕಣ್ಣಾದ್ರೂ ಹಲ್ಲಿ ಹಿಡೀತಾಳ್ರಿ. ನನ್ನ ಕ್ಲಾಸಿನ್ಯಾಗ ಎರಡೂ ಕಣ್ಣಿದ್ದವರು ಬೋರ್ಡ್ ನೋಡ್ತಿರಲಿಲ್ಲ" ಎಂದು ಒಮ್ಮೆ ಹೇಳಿದರು. ಮರಿ ಬಾಗಿಲ ಹಿಂದೆ ಅಳುತ್ತದೆ, ಅದು ಅತ್ತಾಗ ಮಾಧವರಾಯರು ಎಡಗೈಯೆತ್ತಿ ಬಾಗಿಲು ತೋರಿಸುತ್ತಾರೆ ಎಂದೂ ಹೇಳುತ್ತಿದ್ದರು.

ದಸರೆ ತೆಲಂಗಾಣದ ದೊಡ್ಡ ಹಬ್ಬ. ಅಂದು ಸಂಜೆ ಚಿಕ್ಕವರು ಹಿರಿಯರಿಗೆ ಬನ್ನಿ ಎಲೆ ಕೊಟ್ಟು ಕಾಲಿಗೆರಗುವುದು ನಮ್ಮ ಕಡೆಯೂ ಇಲ್ಲಿಯೂ ರೂಢಿ. ಎಲೆಯನ್ನು ಬಂಗಾರ ಎನ್ನುತ್ತೇವೆ. ಅಂದು ಜಗಳವಾಡಿ ಮಾತು ಬಿಟ್ಟವರೂ ಮಾತಾಡುತ್ತಾರೆ, ದೂರವಾದವರು ಹತ್ತಿರ ಕೂರುತ್ತಾರೆ. ನನ್ನವರು ಯಾರೂ ಈ ಊರಿನಲ್ಲಿರಲಿಲ್ಲ. ಬನ್ನಿ ಹಿಡಿದುಕೊಂಡು ಕಾಚಿಗೂಡಕ್ಕೆ ಹೋದೆ.

ಬಾಗಿಲು ತೆರೆದೇ ಇತ್ತು. ಮಾಧವರಾಯರು ಬೇಗ ಉಣ್ಣುವವರು. ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು, ಮುಂದೆ ಸಣ್ಣ ಮೇಜಿನ ಮೇಲೆ ಹೋಳಿಗೆ. ಪಕ್ಕದ ಖಾಲಿ ಜಾಗದಲ್ಲಿ ಸುಲೋಚನಾಬಾಯಿಯವರ ತಾಟು. ಮಾಧವರಾಯರ ಕಾಲ ಬಳಿ ನೆಲದ ಮೇಲೆ ಮೂರನೆಯ ತಾಟು, ಹಾಲಿನಲ್ಲಿ ಅದ್ದಿದ ಹೋಳಿಗೆ. ಬಡೇಮಿಯಾನ ತಲೆ ಅದರ ಮೇಲೆ ಬಾಗಿತ್ತು. ಎದುರಿನಿಂದ ಬೂದುಬಣ್ಣದ ಚಿಕ್ಕ ಮೂತಿ. ಟ್ಯೂಷನ್ ಕೋಣೆಯ ಬಾಗಿಲು ಹಾರುಹೊಡೆದಿತ್ತು.

ಬನ್ನಿ ಎಲೆ ಕೈಯಿಂದ ಎಲ್ಲಿ ಬಿತ್ತೋ ಗೊತ್ತಿಲ್ಲ. ತಾಟನ್ನು ಎಳೆದುಕೊಂಡ ರಭಸಕ್ಕೆ ಹಾಲು ಮಾಧವರಾಯರ ಪಂಚೆಯ ಮೇಲೆ ಚೆಲ್ಲಿತು. ಚಿಟ್ಟಿ ಕುರ್ಚಿಯ ಕೆಳಗೆ ನುಗ್ಗಿತು. ಅದನ್ನು ಕತ್ತು ಹಿಡಿದೆತ್ತಿ ಟ್ಯೂಷನ್ ಕೋಣೆಗೆ ಹಾಕಿ ಬಾಗಿಲೆಳೆದೆ. ಹಿಂದಿರುಗಿದಾಗ ಬಡೇಮಿಯಾ ನೆಲದ ಹಾಲಿನ ಮುಂದೆ ಕೂತು ನಾಲಿಗೆಯಿಂದ ಮೂಗನ್ನು ಒರೆಸಿಕೊಳ್ಳುತ್ತಿತ್ತು. ಮಾಧವರಾಯರು ಎಡಗೈ ನನ್ನ ಕಡೆಗೆ ಚಾಚಿ, "ಬಡೇಮಿಯಾ, ಬಡೇಮಿಯಾ" ಎಂದು ಎರಡು ಸಲ ಹೇಳಿದರು. ಬೇಡಿಕೊಳ್ಳುವಂಥ ದನಿ.

ಸುಲೋಚನಾಬಾಯಿ ತುಪ್ಪದ ಗಿಂಡಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಯಾರು ಮೊದಲು ಬಾಯಿ ಹಚ್ಚಿದ್ರು? ಚಿಟ್ಟಿ ನೆಕ್ಕಿದ್ಲೇನು?" ಎಂದು ಕೇಳಿದೆ.

"ಯಾರೂ ನೆಕ್ಕಿಲ್ಲ. ಈಗ ತಾಟು ಇಟ್ಟು ಒಳಗ ಹೋಗೀನಿ."

ಹಾಗಾದರೆ ಅವರು ನೋಡಿಲ್ಲ. ನೋಡಿದವರು ಮಾಧವರಾಯರೊಬ್ಬರೇ. ಅವರ ಮುಂದೆ ಮಂಡಿಯೂರಿ ಕೂತು, ಮರಿ ನೆಕ್ಕಿತೇ ಎಂದು ನಿಧಾನವಾಗಿ ಕೇಳಿದೆ. ಅವರು "ಹೂಂ" ಎಂದರು. ಮತ್ತೆ ಕೇಳಿದೆ. "ಉಹೂಂ." ಲಕ್ವಾ ಹೊಡೆದ ಮೇಲೆ ಆ ಎರಡು ಸದ್ದುಗಳು ಅವರ ಬಾಯಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬರುತ್ತಿದ್ದವು. ತಮ್ಮ ಬಾಯಿಂದ ಬೇಕಾದ ಮಾತು ಬರಲಿಲ್ಲವೆಂದು ಅವರಿಗೇ ತಿಳಿದು, ಕಣ್ಣು ತುಂಬಿಕೊಂಡರು.

"ಹಬ್ಬದ ದಿನ ಮುಂದಿಟ್ಟ ತಾಟು ಕಸೀತಾರೇನ್ರೀ ಯಾರಾದ್ರೂ" ಎಂದರು ಸುಲೋಚನಾಬಾಯಿ. ದನಿ ಏರಿಸಿರಲಿಲ್ಲ.

"ಅಕ್ಕೋರೆ, ಎಷ್ಟು ಸಲ ಹೇಳಿದ್ವಿ ನಿಮಗ."

"ಹೇಳಿದ್ರಿ. ನನಗೂ ಗೊತ್ತೈತಿ ಹೇಳೋದು. ಮೂವತ್ತು ವರ್ಷ ಸೈನ್ಸ್ ಕಲಿಸೀನಿ. ತಾಟಿನಿಂದ ಟಿ.ಬಿ. ಹಬ್ಬೂದಿಲ್ಲ, ಗಾಳಿಯಿಂದ ಹಬ್ಬತೈತಿ ಅಂತ ಬೋರ್ಡಿನ ಮ್ಯಾಲ ಬರದು ಬರದು ಕೈ ನೊಂದಾವ. ಯಾಕ ಅಷ್ಟು ಬರದೆ ಗೊತ್ತೇನು? ನಮ್ಮವ್ವಗ ಟಿ.ಬಿ. ಇತ್ತು."

ಗಿಂಡಿಯನ್ನು ಮೇಜಿನ ಮೇಲಿಟ್ಟು ಅವರು ಗೋಡೆಗೆ ಒರಗಿ ನಿಂತರು. ಅವರಿಗಾಗ ಹನ್ನೊಂದು ವರ್ಷವಂತೆ. ಅವ್ವನಿಗೆಂದು ಹಿತ್ತಲ ಬಾಗಿಲ ಹತ್ತಿರ ಒಂದು ಜರ್ಮನ್ ತಾಟು, ಅಂದರೆ ಅಲ್ಯುಮಿನಿಯಂನದು, ಬೇರೆ ಇಟ್ಟಿದ್ದರು. ಊಟವನ್ನು ಮೇಲಿಂದ ಸುರುವಿ ಹೋಗುತ್ತಿದ್ದರು. ತಾಟನ್ನು ಅವ್ವನೇ ತೊಳೆದುಕೊಳ್ಳಬೇಕು.

"ಕೊನೀಗೆ ಅವ್ವ ಒಂದೇ ಕೇಳಿದ್ಲು. ಸುಲೂ, ನೀ ನನ್ನ ಮುಂದ ಕೂತು ಉಣ್ಣವಾ, ನಾ ನೋಡ್ತೀನಿ ಅಂತ. ಕೂಡಾಕ ಬಿಡಲಿಲ್ಲ ಮನ್ಯಾಗ. ಡಾಕ್ಟರು ಹೇಳ್ಯಾರ ಅಂತ ಅವಾಗೂ ಅಂದ್ರು. ಈಗ ನೀವು ಬಂದೀರಿ, ಡಾಕ್ಟರು. ಇವತ್ತೊಂದು ದಿನ, ದಸರಿ ದಿನ, ಆ ಕೂಸು ಬಾಗಿಲಾ ಕೆರೀತಾ ಕೂಡಬಾರದು ಅಂತ ಬಿಟ್ಟೀನಿ. ತಪ್ಪೇನೈತಿ?"

ಆಗ ನನಗೆ ಅರ್ಥವಾಯಿತು. ನಾವು ಹೇಳಿದ್ದನ್ನು ಅವರು ಮರೆತಿರಲಿಲ್ಲ. ಅಸಡ್ಡೆಯೂ ಅಲ್ಲ. ಬೇರೆ ತಾಟು ಎಂಬುದು ಮೂಢನಂಬಿಕೆ ಎಂದು ಅವರು ಓದಿ, ಯೋಚಿಸಿ, ತೀರ್ಮಾನಿಸಿದ್ದರು. ಅವರ ಅವ್ವನ ವಿಷಯದಲ್ಲಿ ಆ ತೀರ್ಮಾನ ಪೂರ್ತಿ ಸರಿಯಾಗಿತ್ತು. ಓದದವರಿಗೆ ತಿಳಿಸಿ ಹೇಳುವುದು ನನಗೆ ಗೊತ್ತಿತ್ತು. ಸರಿಯಾದದ್ದನ್ನು ಓದಿಕೊಂಡು ಅಪಾಯಕ್ಕೆ ಬಂದು ನಿಂತವರಿಗೆ ಏನು ಹೇಳುವುದೆಂದು ತಿಳಿಯಲಿಲ್ಲ. ಇಷ್ಟು ಮಾತ್ರ ಹೇಳಿದೆ:

"ಅಕ್ಕೋರೆ, ನಿಮ್ಮ ಅವ್ವನ ತಾಟಿನಾಗ ರೋಗ ಇರಲಿಲ್ಲ. ಚಿಟ್ಟಿ ತಾಟಿನಾಗ ಐತಿ."

ಅವರು ನೆಲದ ಮೇಲಿನ ಹಾಲನ್ನು ನೋಡಿದರು. ಆಮೇಲೆ ಬಡೇಮಿಯಾನನ್ನು. ಆಮೇಲೆ ಗಂಡನನ್ನು. ಮುಖದ ಬಣ್ಣ ಇಳಿಯುವುದು ನನಗೆ ಕಂಡಿತು.

"ಇವನಿಗೆ ಬಂದೈತೇನು?"

"ಈಗ ಪರೀಕ್ಷಾ ಮಾಡಿದ್ರ ಗೊತ್ತಾಗೂದಿಲ್ರಿ. ಕೆಲವು ವಾರ ಕಾಯಬೇಕು. ದೊಡ್ಡ ಬೆಕ್ಕಿಗೆ ಅಷ್ಟು ಸಲೀಸಾಗಿ ಅಂಟೂದಿಲ್ಲ. ಅಂಟೂದೇ ಇಲ್ಲ ಅಂತ ನಾ ಹೇಳಾಂಗಿಲ್ಲ."

ಅವರು ಒದ್ದೆ ಬಟ್ಟೆ ತಂದು ನೆಲ ಒರೆಸತೊಡಗಿದರು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದರು. ಚಿಟ್ಟಿಯನ್ನು ವಾಪಸ್ ಒಯ್ಯಲೇ ಎಂದು ಕೇಳಿದೆ. ವಾಪಸ್ ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ತಲೆ ಎತ್ತದೆ "ಬ್ಯಾಡ" ಎಂದರು.

ಮುಂದಿನ ವಾರ ನೋಡಿಬರಲು ಹೋದೆ, ಮಧ್ಯಾಹ್ನದ ಊಟದ ಹೊತ್ತು. ನಡುಮನೆಯಲ್ಲಿ ಮಾಧವರಾಯರೊಬ್ಬರೇ ಮೇಜಿನ ಮುಂದೆ ಕೂತಿದ್ದರು, ತೊಡೆಯ ಪಕ್ಕದಲ್ಲಿ ಬಡೇಮಿಯಾ. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದರು. ಅನ್ನ ಅರ್ಧ ಬಾಯಿಗೆ, ಅರ್ಧ ಎದೆಯ ಮೇಲೆ. ಎರಡು ವರ್ಷದಿಂದ ಹೆಂಡತಿಯೇ ಪಕ್ಕದಲ್ಲಿ ಕೂತು ತುತ್ತು ಮಾಡಿ ಉಣಿಸುತ್ತಿದ್ದರು. ಎಡಗೈಯಲ್ಲಿ ಉಣ್ಣುವುದಕ್ಕೆ ಅವರು ಎಂದೂ ಒಪ್ಪಿದವರಲ್ಲ.

ಮುಚ್ಚಿದ ಟ್ಯೂಷನ್ ಕೋಣೆಯ ಒಳಗಿಂದ ದನಿ ಬಂತು. "ಬಂದ್ರೇನು ಡಾಕ್ಟರಬಾಯಿ? ಕೂಡ್ರಿ. ಇಕಿದು ಊಟ ಮುಗೀಲಿ, ಬರ್ತೀನಿ." ಸ್ವಲ್ಪ ತಡೆದು, "ಏನ್ರಿ, ಪಲ್ಯಾ ಸಪ್ಪಗ ಆಗೈತೇನು?"

ಮಾಧವರಾಯರು ಚಮಚದಿಂದ ತಾಟಿನ ಅಂಚಿಗೆ ಜೋರಾಗಿ ಬಡಿದರು.

"ಗೊತ್ತಾತು ಬಿಡ್ರಿ. ನೀವು ಒಮ್ಮೆ ಮಾಡಿ ತೋರಸ್ರಿ, ನೋಡೋಣ" ಎಂದಿತು ಒಳಗಿನ ದನಿ.

ಊಟ ಮುಗಿಸಿ ಅವರು ಹೊರಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡರು. ಒಳಗೆ ಎರಡು ತಾಟು ಕಂಡವು. ಒಂದು ಚಿಟ್ಟಿಯದು, ಕೆಂಪು ಬಣ್ಣದ್ದು. ಒಂದು ಅವರದು. "ಬ್ಯಾರೆ ತಾಟು ಇಟ್ಟೀನಿ ನೋಡ್ರಿ, ನೀವು ಹೇಳಿದಂಗ. ಇಕಿ ಜೋಡಿ ಯಾರು ಕೂಡಬೇಕು ಅಂತ ನೀವು ಹೇಳಿರಲಿಲ್ಲ" ಎಂದರು. ಅದರಲ್ಲಿ ಚುಚ್ಚುವ ಉದ್ದೇಶವಿತ್ತೋ ಇಲ್ಲವೋ ಈಗಲೂ ನನಗೆ ತಿಳಿಯದು. ದಿನಾ ಎರಡು ಹೊತ್ತು ಗಂಡ ಹೊರಗೆ, ಹೆಂಡತಿ ಒಳಗೆ.

ನವೆಂಬರ್ ಮಧ್ಯದಲ್ಲಿ ನಾನು ಹೆದರಿದ್ದೇ ಬಂತೆನಿಸಿತು. ಬಡೇಮಿಯಾ ಊಟ ಬಿಟ್ಟಿತು. ಮೈ ಬೆಚ್ಚಗಿತ್ತು. ಎರಡನೆಯ ದಿನ ಮಾಧವರಾಯರೂ ಚಮಚ ಕೆಳಗಿಟ್ಟರು. ಸುಲೋಚನಾಬಾಯಿ ಆಟೊದಲ್ಲಿ ಬೆಕ್ಕನ್ನು ತಂದು ಟೇಬಲ್ ಮೇಲೆ ಇಳಿಸಿದರು. ರಕ್ತ ತೆಗೆದೆ. ಕಿಟ್ ಮೇಲೆ ಹನಿ ಹಾಕಿದೆ. ಯಾದಗಿರಿ ಒರೆಸುತ್ತಿದ್ದ ಬಟ್ಟೆಯನ್ನು ಕೈಯಲ್ಲೇ ಹಿಡಿದು ಪಕ್ಕದಲ್ಲಿ ಬಂದು ನಿಂತ. ಆ ಹತ್ತು ನಿಮಿಷ ನಾನು ಹಾಲು, ತಾಟು, ಎರಡು ಮೂತಿಗಳನ್ನೇ ನೋಡುತ್ತಿದ್ದೆ. ದಸರೆಯ ಸಂಜೆ ನನ್ನ ಆಟೊ ಸಿಗ್ನಲ್ಲಿನಲ್ಲಿ ನಿಲ್ಲದೆ ಇದ್ದಿದ್ದರೆ, ಹೂವಿನಂಗಡಿಯಲ್ಲಿ ಬನ್ನಿಗೆ ಚೌಕಾಸಿ ಮಾಡದೆ ಇದ್ದಿದ್ದರೆ.

ಒಂದೇ ಗೆರೆ ಮೂಡಿತು.

ಬಾಯಿ ತೆರೆಸಿ ನೋಡಿದರೆ ದವಡೆಯ ಹಲ್ಲೊಂದು ಸೀಳಿ ಕೀವು ಕಟ್ಟಿತ್ತು. ಅದನ್ನು ಕಿತ್ತೆವು. "ಈ ಹಲ್ಲಿಗೆ ನನ್ನ ಜೀವಾ ತಗೊಂಡಾನ ನೋಡ್ರಿ" ಎಂದು ಸುಲೋಚನಾಬಾಯಿ ಬೆಂಚಿನ ಮೇಲೆ ಕುಸಿದು ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡರು. ಒಂದು ಪರೀಕ್ಷೆ ಸಾಲದೆಂದು ಜನವರಿಯಲ್ಲಿ ಇನ್ನೊಂದು ಮಾಡಿದೆ. ಆಗಲೂ ಒಂದೇ ಗೆರೆ. ದಸರೆಯ ಸಂಜೆ ಚಿಟ್ಟಿ ಆ ತಾಟನ್ನು ನೆಕ್ಕಿರಲಿಲ್ಲವೋ, ಅಥವಾ ನೆಕ್ಕಿಯೂ ಬಡೇಮಿಯಾನ ದೇಹ ಗೆದ್ದಿತೋ, ಯಾವ ಪರೀಕ್ಷೆಯೂ ಹೇಳುವುದಿಲ್ಲ.

ಚಿಟ್ಟಿ 2025ರ ಮಾರ್ಚ್‌ವರೆಗೆ ಬದುಕಿತು. ಕೊನೆಯ ತಿಂಗಳು ಮಜ್ಜೆ ರಕ್ತ ಮಾಡುವುದನ್ನು ನಿಲ್ಲಿಸಿತು. ಸಲೈನ್ ಕೊಡಲು ನಾನು ದಿನ ಬಿಟ್ಟು ದಿನ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಟ್ಯೂಷನ್ ಕೋಣೆಯಲ್ಲಿ ಸುಲೋಚನಾಬಾಯಿಯವರ ಮಡಿಲಲ್ಲಿ, ಅವರ ಅರೆಬರೆ ಊಟದ ತಾಟಿನ ಪಕ್ಕದಲ್ಲಿ ಅದರ ಉಸಿರು ನಿಂತಿತು. ಅವರು ಅಳಲಿಲ್ಲ. ಚಿಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಕೈ ತೊಳೆದು, ತಮ್ಮ ತಾಟನ್ನು ನಡುಮನೆಗೆ ತಂದು ಗಂಡನ ಪಕ್ಕದಲ್ಲಿ ಕೂತರು. ಒಂದೂವರೆ ವರ್ಷದ ಮೇಲೆ. ಮಾಧವರಾಯರು ತೆರೆದ ಬಾಗಿಲನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆಮೇಲೆ ಎಡಗೈಯಿಂದ ತಮ್ಮ ತಾಟಿನ ಅನ್ನವನ್ನು ಚಮಚದಲ್ಲಿ ಎತ್ತಿ, ಚೆಲ್ಲದೆ, ಅವರ ಬಾಯಿಯ ಹತ್ತಿರ ಹಿಡಿದರು. ನಾನು ಚೀಲ ಎತ್ತಿಕೊಂಡು ಹೊರಗೆ ಬಂದೆ.

ಪ್ರತ್ಯೇಕವಾಗಿಡಿ ಎಂಬ ಮಾತನ್ನು ನಮ್ಮ ವೃತ್ತಿಯಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಅದನ್ನು ಹೇಳಲೇಬೇಕು, ಅದರಿಂದ ಜೀವ ಉಳಿಯುತ್ತದೆ. ಈಗಲೂ ಹೇಳುತ್ತೇನೆ, ಮೊದಲಿಗಿಂತ ಕಟ್ಟುನಿಟ್ಟಾಗಿ. ಆದರೆ ಅಷ್ಟಕ್ಕೇ ಎದ್ದುಬಿಡುವುದಿಲ್ಲ. ಸೋಂಕಿನ ಬೆಕ್ಕನ್ನು ಒಯ್ಯಲು ಬಂದವರಿಗೆ ಕೋಣೆಯ ಬಗ್ಗೆ, ತಾಟಿನ ಬಗ್ಗೆ ಹೇಳಿ ಮುಗಿಸಿದ ಮೇಲೆ, ಆ ಕೋಣೆಯಲ್ಲಿ ಅದರ ಜೊತೆ ಯಾರು ಕೂರುತ್ತೀರಿ ಎಂದು ಕೇಳುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಯಾರಾದರೂ ಒಬ್ಬರು "ನಾನು" ಎನ್ನುವವರೆಗೆ ಬೆಕ್ಕನ್ನು ಕೈಗೆ ಕೊಡುವುದಿಲ್ಲ.